ಟೇಶನ್‌ಮಕ್ಕಿಯ ಸಂಬಂಧ

ಟಿಕೆಟ್ ಮನೆ, ಟೇಶನ್‌ಮಕ್ಕಿ
ನರಸಿಂಹರಾಜಪುರ ತಾಲ್ಲೂಕು
11-1-2004

ಅರಸೀಕೆರೆಯ ದ್ಯಾವೇಗೌಡರಿಗೆ ಬೈರಪ್ಪನ ನಮಸ್ಕಾರಗಳು.

ನಿಮ್ಮ ವಿಳಾಸ ಕೊಟ್ಟವರು ಶೃಂಗೇರಿಯ ಸುಬ್ಬರಾಯ ಜೋಯಿಸರು. ನಿಮ್ಮ ಮಗ ಪ್ರದೀಪನ ಜಾತಕವೂ ನನ್ನ ಮಗಳು ನಯನಳ ಜಾತಕವೂ ಒಂದನ್ನೊಂದು ಹುಡುಕಿಕೊಂಡು ಬಂದ ಹಾಗಿವೆ ಎಂದರು. ಹೋದ ವರ್ಷ ಬೇರೊಂದು ಜಾತಕ ನೋಡಿಯೂ ಇದೇ ಮಾತು ಹೇಳಿದ್ದರು, ಆದರೂ ಬರೆಯುತ್ತಿದ್ದೇನೆ. ನಯನ ಕೊಪ್ಪದ ಒಂದು ಹೈಸ್ಕೂಲಿನಲ್ಲಿ ಟೀಚರು. ಯಾವ ವಿಷಯದ ಟೀಚರು ಎಂಬುದನ್ನು ಭೇಟಿಯಾದಾಗ ಹೇಳುತ್ತೇನೆ. ಫೋಟೋ ಇಟ್ಟಿದ್ದೇನೆ.

ನೀವು ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು ಎಂದು ಕೇಳಿ ನಮಗೆಲ್ಲ ಸಂತೋಷವಾಯಿತು. ಏಕೆಂದರೆ ನಮ್ಮದೂ ರೈಲಿನ ಊರು. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ರೈಲೊಂದು ಓಡಾಡುತ್ತಿತ್ತಲ್ಲ, ಅದು ನಮ್ಮಲ್ಲಿ ನಿಲ್ಲುತ್ತಿತ್ತು. ನಾನು ಹುಟ್ಟುವ ಮೊದಲೇ ಅದು ನಿಂತುಹೋಯಿತು, ಕಂಬಿಯನ್ನೂ ಕಿತ್ತುಕೊಂಡು ಹೋದರು. ಆದರೆ ನಮ್ಮ ಹನ್ನೊಂದು ಮನೆಯವರು ರೈಲನ್ನು ಬಿಟ್ಟಿಲ್ಲ. ಊರಿಗೆಲ್ಲ ಹಿರಿಯರಾದ ಕರಿಯಕ್ಕನ ಅಪ್ಪ ಕಂಬಿ ತಿರುಗಿಸುವ ಕೆಲಸದಲ್ಲಿದ್ದರು, ಅವರದು ಇವತ್ತಿಗೂ ಪಾಯಿಂಟ್ ಮನೆ. ಪಕ್ಕದ್ದು ಸಿಗ್ನಲ್ ಮನೆ, ಕೆಳಗಿನದು ಗೇಟು ಮನೆ. ನಮ್ಮದು ಟಿಕೆಟ್ ಮನೆ. ಮಧ್ಯಾಹ್ನದ ಕಾಫಿಯ ವೇಳೆಗೆ ನಾವು ಗಾಡಿ ಹೊತ್ತು ಎನ್ನುತ್ತೇವೆ. ಅಣ್ಣತಮ್ಮಂದಿರು ಮಾತು ಬಿಟ್ಟರೆ ಅವರಿಗೆ ಲೈನ್ ಕ್ಲಿಯರ್ ಇಲ್ಲ ಎನ್ನುತ್ತೇವೆ. ನಿಮಗೆ ಆಸಕ್ತಿ ಇರಬಹುದೆಂದು ಬರೆದೆ, ಅಷ್ಟೆ.

ಬೈರಪ್ಪ

ಅರಸೀಕೆರೆ
19-1-2004

ವಿಷಯ: ಚಿ. ಪ್ರದೀಪನ ವಿವಾಹ ಹಾಗೂ ಟೇಶನ್‌ಮಕ್ಕಿ ನಿಲ್ದಾಣ.
ಉಲ್ಲೇಖ: ತಮ್ಮ ಪತ್ರ ದಿನಾಂಕ 11-1-2004.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಫೋಟೋ ನಮ್ಮ ಮನೆಯವರಿಗೆ ಒಪ್ಪಿಗೆಯಾಗಿದೆ. ಪ್ರದೀಪ ಸಾರಿಗೆ ವಿಭಾಗದಲ್ಲಿದ್ದಾನೆ, ವಿವರಗಳನ್ನು ಮುಖತಃ ತಿಳಿಸಲಾಗುವುದು. ವಿವಾಹದ ವಿಷಯ ಇಲ್ಲಿಗೆ ಮುಗಿಯಿತು.

ಇನ್ನು ನಿಲ್ದಾಣ. ನಾನು ಬ್ರಾಡ್‌ಗೇಜಿನಲ್ಲೂ ಮೀಟರ್‌ಗೇಜಿನಲ್ಲೂ ಕೆಲಸ ಮಾಡಿದವನು. ಆ ಸಣ್ಣ ಗೇಜಿನ ಒಂದು ನಿಲ್ದಾಣವನ್ನೂ ಕಣ್ಣಿನಿಂದ ನೋಡಿಲ್ಲ. ನಿವೃತ್ತನಾದ ಮೇಲೆ ನೋಡುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಕಟ್ಟಡ ಇದೆಯೇ? ಪ್ಲಾಟ್‌ಫಾರಂ ಬಿಸಿಲು ಮಳೆಗೆ ಹಾಳಾಗಿದೆಯೇ? ಇಂಜಿನ್ನಿಗೆ ನೀರು ತುಂಬಿಸಲು ಹತ್ತಿರದಲ್ಲಿ ನೀರಿನ ವ್ಯವಸ್ಥೆ ಇತ್ತೇ? ಟಿಕೆಟ್ ಕೊಡುವ ಕಿಟಕಿ ಉಳಿದಿದೆಯೇ? ಶೀಘ್ರ ಉತ್ತರ ಕೋರಲಾಗಿದೆ.

ಪ್ರದೀಪನ ತಾಯಿ ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಲು ಹೇಳಿದಳು. ಅದು ತುರ್ತಿಲ್ಲ.

ತಮ್ಮ ವಿಶ್ವಾಸಿ
ದ್ಯಾವೇಗೌಡ

ಟೇಶನ್‌ಮಕ್ಕಿ
2-2-2004

ದ್ಯಾವೇಗೌಡರಿಗೆ ನಮಸ್ಕಾರ.

ನಿಮ್ಮ ಪ್ರಶ್ನೆಗಳನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಟ್ಟಡ ಇದೆ, ಎಲ್ಲಿಗೂ ಹೋಗಿಲ್ಲ. ಪ್ಲಾಟ್‌ಫಾರಂ ಬಿಸಿಲಿಗೆ ಹಾಳಾಗುವ ಪ್ರಶ್ನೆಯೇ ಬರುವುದಿಲ್ಲ, ಬಹಳ ತಂಪಾದ ಜಾಗದಲ್ಲಿದೆ. ನೀರಿನ ವ್ಯವಸ್ಥೆ ಧಾರಾಳವಾಗಿದೆ. ಟಿಕೆಟ್ ಕಿಟಕಿಯನ್ನು ನಾವು ದಿನವೂ ಬಳಸುತ್ತೇವೆ.

ಹುಡುಗಿ ನೋಡುವ ಶಾಸ್ತ್ರಕ್ಕೆ ಮೇ ತಿಂಗಳಲ್ಲಿ ಬಂದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಮೊದಲು ಅಡಿಕೆ ಕೊಯ್ಲಿದೆ, ಜೊತೆಗೆ ನಮ್ಮ ಕಡೆ ರಸ್ತೆ ಸರಿಯಿಲ್ಲ, ಸಿಗ್ನಲ್ ಮನೆಯಲ್ಲಿ ಯಾರಿಗೋ ಕೆನ್ನೆ ಊದಿ ಕೆಪ್ಪಟ್ಟೆ ಬಂದಿದೆ. ಮೇ ತಿಂಗಳು ಎಲ್ಲ ರೀತಿಯಿಂದಲೂ ಅನುಕೂಲ.

ಅಡುಗೆಯ ವಿಷಯ ಕೇಳಿದ್ದೀರಿ. ಅದೂ ಮೇ ತಿಂಗಳಿನೊಳಗೆ ಬರಬಹುದು ಎಂದು ನನ್ನ ಹೆಂಡತಿ ಜಲಜ ಹೇಳುತ್ತಾಳೆ.

ಬೈರಪ್ಪ

ಅರಸೀಕೆರೆ
9-2-2004

ವಿಷಯ: ಮೇ ತಿಂಗಳು.

ಮಾನ್ಯರೆ,

ತಮ್ಮ ಪತ್ರವನ್ನು ನಾವಿಬ್ಬರೂ ಹಲವು ಸಲ ಓದಿದೆವು. ಕೊಯ್ಲು, ರಸ್ತೆ, ಕೆಪ್ಪಟ್ಟೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಬೇರೇನನ್ನೋ ಹೇಳಲಾರದೆ ಇದ್ದಾರೆ ಎಂದು ನಮ್ಮ ಮನೆಯವಳ ಅಭಿಪ್ರಾಯ. ಪ್ರದೀಪನ ನೌಕರಿಯ ಬಗ್ಗೆ ತಾವು ವಿಚಾರಿಸಿ ತಿಳಿದುಕೊಂಡಿದ್ದೀರಿ ಎಂದು ಊಹಿಸಿದ್ದೇವೆ.

ಹೌದು. ಅವನು ಚಿಕ್ಕಮಗಳೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸ್ಟೇಷನ್ ಮಾಸ್ತರನ ಒಬ್ಬನೇ ಮಗ ಬಸ್ಸಿಗೆ ಸೇರಿದ ಎಂದು ನನ್ನ ಹಳೆಯ ಸಹೋದ್ಯೋಗಿಗಳಿಗೆ ಇನ್ನೂ ಹೇಳಿಲ್ಲ. ಆದರೆ ಹುಡುಗ ಒಳ್ಳೆಯವನು, ಕೆಲಸ ಬಲ್ಲವನು.

ಈ ತಿಂಗಳ 22, ಭಾನುವಾರ, ನಾವು ಮೂವರೂ ಬರುತ್ತಿದ್ದೇವೆ. ರಸ್ತೆ ಹೇಗಿದ್ದರೂ ಸರಿ. ಉತ್ತರ ಬೇಡ.

ದ್ಯಾವೇಗೌಡ

ಟೇಶನ್‌ಮಕ್ಕಿ
26-2-2004

ಬೀಗರಾಗುವವರಿಗೆ ಬೈರಪ್ಪನ ನಮಸ್ಕಾರಗಳು.

ನೀವು ಸುರಕ್ಷಿತವಾಗಿ ತಲುಪಿದಿರಿ ಎಂದು ನಂಬಿದ್ದೇನೆ. ಭಾನುವಾರದಿಂದ ನನಗೆ ಅನ್ನ ರುಚಿಸುತ್ತಿಲ್ಲ. ನೀವು ಬಂದವರೇ ಹುಡುಗಿಯನ್ನೂ ನೋಡದೆ ನೇರವಾಗಿ ನಮ್ಮ ಗೋಡೆಯಲ್ಲಿರುವ ಆ ಟಿಕೆಟ್ ಕಿಟಕಿಯ ಹತ್ತಿರ ಹೋದಿರಿ. ಮರದ ಚೌಕಟ್ಟನ್ನು ಸವರಿದಿರಿ, ತೂತಿನೊಳಗೆ ಕೈ ತೂರಿಸಿದಿರಿ. ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಜಲಜ ಹೆದರಿಬಿಟ್ಟಳು. ಆಮೇಲೆ ನೀವು ಲೈನ್ ಯಾವ ಕಡೆ ಹಾದುಹೋಗಿತ್ತು ಎಂದು ಕೇಳಿದಾಗ ನನಗೆ ಕೆಮ್ಮು ಬಂದದ್ದು ನಿಜವಾದ ಕೆಮ್ಮಲ್ಲ.

ಅಷ್ಟರಲ್ಲಿ ಜಲಜ ಹೊರಗೆ ಬಂದು, "ಟೇಶನ್ ನೀರೊಳಗದೆ ಮಾರಾಯ್ರೆ. ಇವ್ರು ಕಿಟಕಿ ಒಂದನ್ನ ಇಟ್ಕೊಂಡು ನಿಮ್ಮನ್ನ ಅಷ್ಟು ದೂರದಿಂದ ಕರ್ಸಿದಾರೆ. ಬ್ಯಾಸಿಗೇಲಿ ನೀರಿಳಿದ್ರೆ ಕಾಣ್ತದೆ" ಎಂದುಬಿಟ್ಟಳು.

ಅವಳು ಹೇಳಿದ್ದೇ ಸರಿ. ಭದ್ರಾ ಅಣೆಕಟ್ಟು ಕಟ್ಟಿದಾಗ ಹಳೆಯ ಊರೂ ಪಾಳುಬಿದ್ದಿದ್ದ ನಿಲ್ದಾಣವೂ ಮುಳುಗಿದವು. ಎಲ್ಲರೂ ಪಾತ್ರೆ ಪಗಡೆ ಹೊತ್ತುಕೊಂಡು ಗುಡ್ಡ ಹತ್ತುವಾಗ ನಮ್ಮಪ್ಪ ಟಿಕೆಟ್ ಕಿಟಕಿ ಕಿತ್ತು ಗಾಡಿಗೆ ಹಾಕಿಕೊಂಡು ಬಂದರಂತೆ. ಅಜ್ಜಿ ಸಾಯುವವರೆಗೂ ಅದಕ್ಕೆ ಬೈದರು, ಆ ಗಾಡಿಯಲ್ಲಿ ಅವರ ಬೀಸುವ ಕಲ್ಲಿಗೆ ಜಾಗ ಸಿಕ್ಕಿರಲಿಲ್ಲ.

ನೀವು ಹಿನ್ನೀರಿನ ದಡಕ್ಕೆ ಹೋಗಿ ಕತ್ತಲಾಗುವವರೆಗೆ ನಿಂತಿರಿ. ಎರಡು ಸಲ ಕಳಿಸಿದ ಕಾಫಿ ಆರಿಹೋಯಿತು. ಕೋಪ ಬಂದಿದ್ದರೆ ಬರೆದು ಬೈಯಿರಿ. ಹುಡುಗರ ಮೇಲೆ ಮಾತ್ರ ಅದನ್ನು ಹಾಕಬೇಡಿ. ಇಬ್ಬರೂ ಹಿತ್ತಲಿನಲ್ಲಿ ಬಹಳ ಹೊತ್ತು ಮಾತಾಡಿದರು, ನಗುತ್ತಿದ್ದುದು ನಮಗೂ ಕೇಳಿಸಿತು. ಅವಳು ಆಟ ಕಲಿಸುವ ಟೀಚರು ಎಂದು ತಿಳಿದಾಗ ನೀವು ಅವಳ ವಿಸಿಲ್ ಇಸಿದುಕೊಂಡು ಪರೀಕ್ಷಿಸಿದಿರಿ. ಅಷ್ಟರಿಂದ ಸ್ವಲ್ಪ ಧೈರ್ಯ ಬಂದಿದೆ.

ಬೈರಪ್ಪ

ಅರಸೀಕೆರೆ
7-3-2004

ವಿಷಯ: ಕೋಪವಿಲ್ಲದಿರುವ ಕುರಿತು.

ಬೈರಪ್ಪನವರೆ,

ತಮ್ಮ 2-2-2004ರ ಪತ್ರವನ್ನು ಮತ್ತೆ ತೆಗೆದು ಪರಿಶೀಲಿಸಿದೆ. ಕಟ್ಟಡ ಇದೆ, ತಂಪಾಗಿದೆ, ನೀರು ಧಾರಾಳ. ಒಂದು ವಾಕ್ಯವೂ ಸುಳ್ಳಲ್ಲ. ತಾವು ಇಲಾಖೆಯಲ್ಲಿದ್ದಿದ್ದರೆ ಬೇಗನೆ ಬಡ್ತಿ ಸಿಗುತ್ತಿತ್ತು.

ನನಗೆ ಕೋಪ ಬಂದಿರಲಿಲ್ಲ. ನೀರಿನೊಳಗೆ ಒಂದು ನಿಲ್ದಾಣ ಇದೆ ಎಂದು ತಿಳಿದ ಮೇಲೆ ದಡ ಬಿಟ್ಟು ಬರಲು ಆಗಲಿಲ್ಲ.

ಏಪ್ರಿಲ್‌ನಲ್ಲಿ ನಿಶ್ಚಿತಾರ್ಥ ಮುಗಿಸೋಣ ಎಂದರೆ ಪ್ರದೀಪ ಡಿಪೋದಲ್ಲಿ ಕೆಲಸ ಹೆಚ್ಚು, ಮೇ ಕಳೆಯಲಿ ಎನ್ನುತ್ತಾನೆ. ನಾಚಿಕೆ ಇರಬೇಕು. ನೀರು ಇಳಿಯಲು ಶುರುವಾಗಿದೆಯೇ?

ದ್ಯಾವೇಗೌಡ

ಟೇಶನ್‌ಮಕ್ಕಿ
4-4-2004

ಬೀಗರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದ ದಿನ ಎರಡು ಸಲ ಊಟ ಮಾಡಿದೆ.

ನಯನಳೂ ಮೇ ಕಳೆಯಲಿ ಎಂದೇ ಹಟ ಹಿಡಿದಿದ್ದಾಳೆ. ಅವಳ ಶಾಲೆಯ ಖೋಖೋ ಹುಡುಗಿಯರಿಗೆ ಬೇಸಿಗೆ ತರಬೇತಿಯಂತೆ. ಆದರೆ ನೀವು ಚಿಂತೆ ಮಾಡಬೇಡಿ. ಪ್ರತಿ ಭಾನುವಾರ ಊರಿಗೆ ಬಂದಾಗ ನರಸಿಂಹರಾಜಪುರದ ಎಸ್‌ಟಿಡಿ ಬೂತಿಗೆ ಹೋಗಿ ಚಿಕ್ಕಮಗಳೂರಿಗೆ ಫೋನ್ ಮಾಡುತ್ತಾಳೆ. ಹೋಗುವ ಮೊದಲು ಒಬ್ಬಳೇ ಹಿನ್ನೀರಿನ ದಡಕ್ಕೆ ಹೋಗಿ ನಿಂತು ನೋಡುತ್ತಾಳೆ. ಈ ವಯಸ್ಸಿನಲ್ಲಿ ನೀರು ನೋಡುತ್ತಾ ನಿಲ್ಲುವುದಕ್ಕೆ ಕಾರಣ ನಮಗೆ ಗೊತ್ತಿಲ್ಲವೇ. ಜಲಜ ಆಗಲೇ ಸೀರೆಯ ಮಾತು ತೆಗೆದಿದ್ದಾಳೆ.

ನೀರು ಚೆನ್ನಾಗಿ ಇಳಿಯುತ್ತಿದೆ. ಹೋದ ವರ್ಷ ಮಳೆ ಕಡಿಮೆಯಾದದ್ದಕ್ಕೆ ಊರೆಲ್ಲ ಗೋಳಾಡುತ್ತಿದೆ, ನಾನೊಬ್ಬ ಒಳಗೊಳಗೆ ಖುಷಿಯಾಗಿದ್ದೇನೆ. ಇದನ್ನು ಯಾರಿಗೂ ಹೇಳಬೇಡಿ.

ಬೈರಪ್ಪ

ಅರಸೀಕೆರೆ
25-5-2004

ಬೈರಪ್ಪನವರಿಗೆ,

ವಿಷಯ ಎಂದು ಬರೆದು ಹೊಡೆದುಹಾಕಿದ್ದೇನೆ.

ಮೊನ್ನೆ ನಿಲ್ದಾಣ ನೋಡಿ ನಿಮ್ಮಲ್ಲಿಂದ ಹೊರಟ ಮೇಲೆ ಬಸ್ಸಿನಲ್ಲಿ ಪ್ರದೀಪ ನನ್ನ ಪಕ್ಕ ಬಂದು ಕೂತ. "ಟೇಶನ್ ನೋಡಿ ಆಯ್ತಲ್ಲಪ್ಪ, ಈಗ ಒಂದು ಮಾತು ಹೇಳ್ತೀನಿ" ಎಂದ. ಅವನ ಡಿಪೋದಲ್ಲಿ ಮಹಿಮಾ ಎಂಬ ಹುಡುಗಿ ಕಂಡಕ್ಟರ್ ಆಗಿದ್ದಾಳೆ. ಇಬ್ಬರೂ ಹೋದ ವರ್ಷವೇ ಮಾತು ಕೊಟ್ಟುಕೊಂಡಿದ್ದಾರೆ.

ಹೆಣ್ಣಿನ ತಂದೆಯಾದ ನಿಮಗೆ ಇದನ್ನು ಯಾವ ಮುಖದಲ್ಲಿ ಬರೆಯಲಿ. ಈ ಸಂಬಂಧ ಮುಂದುವರಿಯುವುದಿಲ್ಲ. ತಪ್ಪು ನಮ್ಮದು.

ದ್ಯಾವೇಗೌಡ

ಟೇಶನ್‌ಮಕ್ಕಿ
1-6-2004

ಬೀಗರಾಗಬೇಕಾಗಿದ್ದವರಿಗೆ ಬೈರಪ್ಪನ ನಮಸ್ಕಾರ.

ನಿಮ್ಮ ಬಸ್ಸು ತಿರುವು ದಾಟುವ ಹೊತ್ತಿಗೆ ನಯನಳೂ ನಮ್ಮ ಮುಂದೆ ಬಂದು ಕೂತಳು. ಹಾಗಾಗಿ ನಿಮ್ಮ ಕಾಗದ ಬಂದಾಗ ನನಗೆ ಹೊಸದಾಗಿ ಆಘಾತವಾಗಲಿಲ್ಲ, ಹಳೆಯದನ್ನೇ ಇಟ್ಟುಕೊಂಡಿದ್ದೆ.

ಫೆಬ್ರವರಿಯಲ್ಲಿ ಹಿತ್ತಲಿಗೆ ಹೋದ ಕೂಡಲೇ ಪ್ರದೀಪ ಮಹಿಮಾಳ ವಿಷಯ ಹೇಳಿದನಂತೆ. ಇವಳು, ಒಳ್ಳೆಯದಾಯಿತು, ನನಗೂ ಮದುವೆಗೆ ಮನಸ್ಸಿಲ್ಲ, ನನ್ನ ಹುಡುಗಿಯರನ್ನು ರಾಜ್ಯಮಟ್ಟಕ್ಕೆ ಆಡಿಸಬೇಕು ಎಂದಳಂತೆ. ನಾವು ಕೇಳಿಸಿಕೊಂಡ ನಗು ಅದೇ. ಆಮೇಲೆ ಬೇಲಿಯ ಸಂದಿನಿಂದ ನೀವು ಕಂಡಿರಿ. ಕಾಫಿ ಲೋಟ ಹಿಡಿದುಕೊಂಡು ನೀರನ್ನೇ ನೋಡುತ್ತಾ ನಿಂತಿದ್ದಿರಿ. ಪ್ರದೀಪ, "ಈಗ ಬೇಡ ಅಂದ್ರೆ ಅಪ್ಪ ಮತ್ತೆ ಈ ಕಡೆ ಬರಲ್ಲ. ಒಂದ್ಸಲ ನೋಡ್ಲಿ, ಆಮೇಲೆ ಹೇಳ್ತೀನಿ" ಎಂದನಂತೆ. ಭಾನುವಾರದ ಫೋನುಗಳಲ್ಲಿ ಇವಳು ಅವನಿಗೆ ಹೇಳುತ್ತಿದ್ದುದು ನೀರಿನ ಮಟ್ಟ. ಬೇರೆ ಏನೂ ಅಲ್ಲ. ಜಲಜ ಸೀರೆಯ ಮಾತು ನಿಲ್ಲಿಸಿದ್ದಾಳೆ.

ಮೊದಲ ದಿನ ನನಗೂ ಸಿಟ್ಟು ಬಂತು. ಆದರೆ ಮೊನ್ನೆಯ ಮಧ್ಯಾಹ್ನ ಕಣ್ಣಿನಿಂದ ಹೋಗುತ್ತಿಲ್ಲ. ಬಿರುಕು ಬಿಟ್ಟ ಕೆಸರು, ಪ್ಲಾಟ್‌ಫಾರಮ್ಮಿನ ಮೊಣಕಾಲೆತ್ತರದ ಆ ಕಲ್ಲಿನ ಕಟ್ಟೆ. ನೀವು ಪ್ಯಾಂಟು ಮಡಚಿಕೊಂಡು ಕೂತು ಅಂಚಿನ ಕಲ್ಲನ್ನು ಟವೆಲಿನಿಂದ ಒರೆಸಿದಿರಿ. ಚೀಲದಿಂದ ಹಸಿರು ಬಾವುಟ ತೆಗೆದು ನೆಟ್ಟಗೆ ನಿಂತಿರಿ. ಹನ್ನೊಂದು ಮನೆಯವರೂ ಇದ್ದರು, ಒಬ್ಬರೂ ನಗಲಿಲ್ಲ. ಕರಿಯಕ್ಕ ಕೋಲೂರಿಕೊಂಡು ಬಂದು, "ಗಾಡಿ ಎಷ್ಟೊತ್ತಿಗೆ ಮಾಸ್ತರೆ?" ಎಂದಾಗ ನೀವು, "ಸ್ವಲ್ಪ ತಡ ಐತಮ್ಮ, ಕೂತ್ಕಳಿ" ಎಂದಿರಿ. ನಾವೆಲ್ಲ ಸಾಲಾಗಿ ಕೂತೆವು. ಬಹಳ ಹೊತ್ತು ಕೂತೆವು.

ಹುಡುಗರ ಮೇಲೆ ಸಿಟ್ಟು ಮಾಡಬೇಡಿ. ಬರೆಯುವುದನ್ನೂ ಬಿಡಬೇಡಿ.

ಬೈರಪ್ಪ

ಟೇಶನ್‌ಮಕ್ಕಿ
15-8-2004

ದ್ಯಾವೇಗೌಡರಿಗೆ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವನನ್ನು ಎಷ್ಟು ಸಲ ಕೇಳಿದೆನೆಂದರೆ ಈಗ ಅವನು ನಮ್ಮ ಮನೆ ಮುಂದೆ ಸೈಕಲ್ಲಿನ ವೇಗ ಹೆಚ್ಚಿಸುತ್ತಾನೆ.

ಕಟ್ಟೆ ಮತ್ತೆ ಮುಳುಗಿತು. ಮುಳುಗುವ ಹಿಂದಿನ ದಿನ ಹೋಗಿ ನೋಡಿಬಂದೆ. ನೀವು ಒರೆಸಿದ ಕಲ್ಲು ಉಳಿದವುಗಳಿಗಿಂತ ಬೆಳ್ಳಗಿತ್ತು. ಅದನ್ನು ಹೇಳೋಣ ಎಂದರೆ ಇಲ್ಲಿ ಯಾರಿಗೂ ಅದರಲ್ಲಿ ಆಸಕ್ತಿ ಇಲ್ಲ.

ನಿನ್ನೆ ಕಾಗದ ಮುಂದಿಟ್ಟುಕೊಂಡು ಕೂತಿದ್ದಾಗ ಜಲಜ ಬಂದು ನೋಡಿದಳು. "ಹುಡುಗ್ರು ಒಲ್ಲೆ ಅಂದ್ರು ಅಂತ ನೀವಿಬ್ರು ಎಂತಕ್ಕೆ ಬಿಡ್ಬೇಕು? ಜಾತಕ ಕೂಡಿದ್ದು ನಿಮ್ದೇ ಇರ್ಬೇಕು" ಎಂದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಬೈರಪ್ಪ

ಅರಸೀಕೆರೆ
20-10-2004

ಬೈರಪ್ಪನವರೆ,

ಐದು ತಿಂಗಳಲ್ಲಿ ನಿಮಗೆ ಎಷ್ಟೋ ಕಾಗದ ಶುರುಮಾಡಿ ಹರಿದುಹಾಕಿದ್ದೇನೆ. ನಿಮ್ಮ ಮೇಲಾಗಲಿ ಹುಡುಗರ ಮೇಲಾಗಲಿ ಸಿಟ್ಟಿರಲಿಲ್ಲ. ನಾಚಿಕೆಯಾಗಿತ್ತು. ನಾನು ಒಂದು ಕಟ್ಟೆ ನೋಡಲಿ ಎಂದು ನಿಮ್ಮ ಮಗಳು ಮದುವೆಗೆ ಒಪ್ಪಿದವಳಂತೆ ನಟಿಸಿದಳು. ಅತ್ತ ಮಹಿಮಾಳ ಮನೆಯವರು ಬೇರೆ ಗಂಡು ಹುಡುಕುತ್ತಿದ್ದರಂತೆ. ಆ ಹುಡುಗಿ ಏನೇನೋ ನೆಪ ಹೇಳಿಕೊಂಡು ಕಾದಿದ್ದಾಳೆ. ನನಗಾಗಿ ಮೂವರು ಸಿಗ್ನಲ್ ಸಿಗದ ಗಾಡಿಗಳಂತೆ ಕಾದರು, ನಾನು ಮಾತ್ರ ಬಾವುಟ ಹಿಡಿದು ನಿಂತಿದ್ದೆ. ಅದನ್ನು ನೆನೆದರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಮೊನ್ನೆ ಮಹಿಮಾಳನ್ನು ನೋಡಿ ಬಂದೆವು. ಹೇಳಿದ ಹೊತ್ತಿಗೆ ಸರಿಯಾಗಿ ಕಾಫಿ ತಂದಳು. ಬಸ್ಸಿನವರಲ್ಲೂ ಸಮಯಪ್ರಜ್ಞೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನವೆಂಬರ್ 28, ಭಾನುವಾರ ಸಂಜೆ ಅರಸೀಕೆರೆಯಲ್ಲಿ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಪತ್ರಿಕೆ ಜೊತೆಗಿದೆ. ನಯನ ಬರದಿದ್ದರೆ ತಾನು ಮಂಟಪಕ್ಕೆ ಹತ್ತುವುದಿಲ್ಲ ಎಂದು ಪ್ರದೀಪ ಹೇಳಿದ್ದಾನೆ. ನೀವು ಬರದಿದ್ದರೆ ನಾನೂ ಹತ್ತುವುದಿಲ್ಲ.

ದ್ಯಾವೇಗೌಡ

ಟೇಶನ್‌ಮಕ್ಕಿ
2-11-2004

ದ್ಯಾವೇಗೌಡರಿಗೆ ಬೈರಪ್ಪನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಂಚೆಯವನು ತಾನಾಗಿ ಸೈಕಲ್ಲಿನಿಂದ ಇಳಿದು ಕೊಟ್ಟ.

ಹನ್ನೊಂದು ಮನೆಯಿಂದಲೂ ಬರುತ್ತೇವೆ. ವ್ಯಾನು ಮಾಡೋಣ ಎಂದರೆ, ಸ್ಟೇಷನ್ ಮಾಸ್ತರರ ಮನೆಯ ಮದುವೆಗೆ ಟೇಶನ್‌ಮಕ್ಕಿಯವರು ವ್ಯಾನಿನಲ್ಲಿ ಹೋದರೆ ಊರಿನ ಮರ್ಯಾದೆ ಏನಾಗಬೇಕು ಎಂದು ಗೇಟು ಮನೆಯವರು ಕೇಳಿದರು. ಆದ್ದರಿಂದ ತರೀಕೆರೆಗೆ ಬಂದು ರೈಲು ಹತ್ತುವುದೆಂದು ತೀರ್ಮಾನವಾಯಿತು.

ಒಂದು ತೊಂದರೆ ಇದೆ. ನಮ್ಮಲ್ಲಿ ನಯನಳನ್ನು ಬಿಟ್ಟರೆ ಯಾರೂ ರೈಲು ಹತ್ತಿದವರಿಲ್ಲ. ಕರಿಯಕ್ಕ ಚಿಕ್ಕವಳಿದ್ದಾಗ ಆ ಸಣ್ಣ ರೈಲಿನಲ್ಲಿ ಕೂತಿದ್ದರು, ಅಷ್ಟೇ. ನಯನ ಕೊಪ್ಪದಿಂದ ಬೇರೆ ಬರುತ್ತಾಳೆ. ಹಾಗಾಗಿ ಕೇಳುತ್ತಿದ್ದೇನೆ, ರೈಲಿಗೆ ಕೈ ಮಾಡಬೇಕೇ, ತಾನಾಗಿ ನಿಲ್ಲುತ್ತದೆಯೇ? ಎಷ್ಟು ಹೊತ್ತು ನಿಲ್ಲುತ್ತದೆ? ಮುದುಕರು ಹತ್ತುವಾಗ ಹೊರಟುಬಿಟ್ಟರೆ ಯಾರಿಗೆ ಹೇಳಬೇಕು? ಇಳಿಯುವ ಊರು ಬಂತೆಂದು ಯಾರು ಕೂಗುತ್ತಾರೆ? ಶೀಘ್ರ ಉತ್ತರ ಕೋರಲಾಗಿದೆ.

ಬೈರಪ್ಪ

ಅರಸೀಕೆರೆ
5-12-2004

ಬೈರಪ್ಪನವರೆ,

ನಿಮ್ಮ ಪ್ರಶ್ನೆಗಳಿಗೆ ಉತ್ತರ ಬರೆಯದೆ ನಾನೇ ತರೀಕೆರೆಗೆ ಬಂದದ್ದು ನಿಮಗೆ ಆಶ್ಚರ್ಯವಾಗಿರಬೇಕು. ಗಂಡಿನ ತಂದೆ ಆರತಕ್ಷತೆಯ ಮಧ್ಯಾಹ್ನ ಊರು ಬಿಟ್ಟು ಹೋದ ಎಂದು ನಮ್ಮ ಮನೆಯವಳಿಗೆ ಇನ್ನೂ ಸಮಾಧಾನವಾಗಿಲ್ಲ. ಆದರೆ ಬರವಣಿಗೆಯಲ್ಲಿ ಹೇಳಿ ನಿಮ್ಮ ಊರಿನವರನ್ನೆಲ್ಲ ರೈಲು ಹತ್ತಿಸಬಹುದು ಎಂದು ನನಗೆ ಅನ್ನಿಸಲಿಲ್ಲ. ಆ ದಿನ ಗೇಟು ಮನೆಯವರು ಇಂಜಿನ್ನಿಗೆ ಕೈಮುಗಿದು ಚಾಲಕನಿಗೆ ಕೊಟ್ಟೆಕಡುಬು ಕೊಡಲು ಹೋದದ್ದನ್ನು ನೋಡಿದ ಮೇಲೆ ಬಂದದ್ದೇ ಸರಿ ಎನಿಸಿತು.

ನಾನೂ ಕರಿಯಕ್ಕನೂ ಎಲ್ಲಿಗೆ ಹೋಗಿ ಬಂದೆವು ಎಂದು ನೀವು ಹೊರಡುವಾಗ ಕೇಳಿದಿರಿ. ಧಾರೆಯ ಗಲಾಟೆಯಲ್ಲಿ ಹೇಳಲಾಗಲಿಲ್ಲ, ಈಗ ಬರೆಯುತ್ತೇನೆ.

ಅರಸೀಕೆರೆಯಲ್ಲಿ ನಿಮ್ಮನ್ನೆಲ್ಲ ಇಳಿಸಿ ತಲೆ ಎಣಿಸಿದಾಗ ಒಂದು ಕಡಿಮೆಯಾಯಿತು. ಮತ್ತೆ ಹತ್ತಿ ನೋಡಿದರೆ ಕರಿಯಕ್ಕ ಕಿಟಕಿಯ ಪಕ್ಕ ಕಾಲು ಮಡಚಿ ಕೂತಿದ್ದರು. ಊರು ಬಂತು, ಇಳಿಯಿರಿ ಎಂದೆ. ಗಾಡಿ ಇಲ್ಲಿಗೇ ನಿಲ್ಲುತ್ತದೆಯೇ ಎಂದು ಕೇಳಿದರು. ಇಲ್ಲ, ಇನ್ನೂ ಮುಂದಕ್ಕೆ ಹೋಗುತ್ತದೆ ಎಂದೆ.

"ನಮ್ಮಪ್ಪ ನನ್ನ ಗಾಡಿ ಹತ್ತಿಸ್ತಿದ್ದ. ಮುಂದಿನ ಟೇಶನ್ ಬಂದ ಕೂಡ್ಲೆ ಇಳಿಸಿ ವಾಪಸ್ ಕಳಿಸ್ತಿದ್ದ. ಅದ್ರಾಚೆ ಎಂತ ಅದೆ ಅಂತ ನಾನು ನೋಡ್ಲೇ ಇಲ್ಲ ಮಾಸ್ತರೆ" ಎಂದರು.

ಅಷ್ಟರಲ್ಲಿ ಗಾಡಿ ಹೊರಟಿತು. ಸರಪಳಿ ಎಳೆಯಬಹುದಾಗಿತ್ತು. ಕೈ ಹೋಗಲಿಲ್ಲ. ಪ್ಲಾಟ್‌ಫಾರಂ ಮೇಲೆ ನೀವು ಪಂಚೆ ಎತ್ತಿಕೊಂಡು ಓಡಿಬರುತ್ತಿದ್ದುದು, ನಿಮ್ಮ ಹಿಂದೆ ಜಲಜಮ್ಮನವರು ನಗುತ್ತಿದ್ದುದು ಎರಡೂ ಕಾಣಿಸಿತು. ನನ್ನ ಹತ್ತಿರವಾಗಲಿ ಅವರ ಹತ್ತಿರವಾಗಲಿ ಮುಂದಕ್ಕೆ ಟಿಕೆಟ್ ಇರಲಿಲ್ಲ. ಬಂದ ಟಿಕೆಟ್ ಪರೀಕ್ಷಕ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ನಮ್ಮನ್ನು ನೋಡಿ ಹೊರಗಿನ ತೆಂಗಿನ ತೋಟಗಳನ್ನು ಬಹಳ ಗಮನವಿಟ್ಟು ನೋಡತೊಡಗಿದ.

ತಿಪಟೂರಿನಲ್ಲಿ ಇಳಿದೆವು. ಕರಿಯಕ್ಕ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಯವರೆಗೆ ಕೋಲೂರಿಕೊಂಡು ನಡೆದರು. ಟಿಕೆಟ್ ಕಿಟಕಿ ನೋಡಿದರು, ಗಂಟೆ ನೋಡಿದರು, ಚಹಾ ಕುಡಿದು ಲೋಟ ತಿರುಗಿಸಿ ನೋಡಿದರು. ಕೊನೆಗೆ ನನ್ನ ಪಕ್ಕ ಬೆಂಚಿನ ಮೇಲೆ ಕೂತು, "ಅಂಥಾದ್ದೇನಿಲ್ಲ. ನಮ್ಮ ಟೇಶನ್ನೇ ಇದಕ್ಕಿಂತ ಚೆನ್ನಾಗಿತ್ತು, ಅಲ್ವಾ?" ಎಂದರು.

ಆ ನಿಲ್ದಾಣದಲ್ಲಿ ನಾನು ಒಂಬತ್ತು ವರ್ಷ ಮಾಸ್ತರನಾಗಿದ್ದೆ. ಈಗಿನ ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೌದಮ್ಮ ಎಂದೆ.

ನಿಮ್ಮ
ದ್ಯಾವೇಗೌಡ